ಕೈಪಿಡಿಯ ಮೊದಲ ಪುಟ

ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ನೆಯ ಇಸವಿಯ ಶಾಸನ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಎಂಬಾತ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಅದರ ಸಮೀಪದಲ್ಲಿಯೇ ಗೋಡೆಯ ಮೇಲೆ ಯಾರೋ ಒಂದು ಚಿತ್ರವನ್ನು ಕೊರೆದಿದ್ದಾರೆ. ಇಡಿಯ ಗಾಲಿಗಳ ಒಂದು ಬಂಡಿ; ಬಂಡಿಯ ಮೇಲೆ ಈ ಮಹಾಶಿಲೆ; ಮುಂದೆ ಕೋಣಗಳ ಉದ್ದನೆಯ ಸಾಲು; ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ಕೋಟೆಯನ್ನು ಕಟ್ಟಿಸಿದವರು ಯಾರೆಂಬುದನ್ನು ಶಾಸನ ಹೇಳುತ್ತದೆ. ಕಲ್ಲನ್ನು ತಂದದ್ದು ಹೇಗೆಂಬುದನ್ನು ಚಿತ್ರ ಹೇಳುತ್ತದೆ. ಮೂವತ್ತಾರು ವರ್ಷ ಉಪಾಧ್ಯಾಯನಾಗಿದ್ದ ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಶಾಸನವನ್ನು ತೋರಿಸಿದ್ದೇನೆ. ಚಿತ್ರದ ಮುಂದೆ ನಿಂತದ್ದು ನಿವೃತ್ತನಾದ ಮೇಲೆ, ಕಳೆದ ವರ್ಷ, ಅದೂ ಒಂದು ನಾಚಿಕೆಯ ಪ್ರಸಂಗ ನಡೆದ ಮಾರನೆಯ ದಿನ.

ವಾಚಕರು ಇದನ್ನು ಪುರಾತತ್ತ್ವದ ಲೇಖನವೆಂದು ಎಣಿಸಬೇಕಾಗಿಲ್ಲ. ನಾನು ಹೇಳಹೊರಟಿರುವುದು ಗಣಕಯಂತ್ರದ ಒಂದು ಕೈಪಿಡಿಯ ವಿಚಾರ. ಇಂಥ ವಿಷಯಕ್ಕೂ ಧರ್ಮಾಧರ್ಮ ವಿವೇಚನೆಗೂ ಏನು ಸಂಬಂಧ ಎಂದು ಕೇಳುವವರುಂಟು. ನಾನೂ ಹಾಗೆಯೇ ತಿಳಿದಿದ್ದೆ.

ಪ್ರಸಂಗ ಹೀಗೆ. ನಮ್ಮ ಮಿತ್ರರು ಕೆಲವರು ಸೇರಿ ದೇವದುರ್ಗದಲ್ಲಿ ಒಂದು, ಮಾನ್ವಿಯಲ್ಲಿ ಒಂದು, ಹೀಗೆ ಎರಡು ಬಾಡಿಗೆಯ ಕೋಣೆಗಳಲ್ಲಿ ಐದೈದು ಹಳೆಯ ಗಣಕಗಳನ್ನು ಇರಿಸಿದರು. ಯಾರು ಬೇಕಾದರೂ ಬಂದು ಕಲಿಯಬಹುದು, ಹಣವಿಲ್ಲ. ಯಂತ್ರಗಳೂ ಯಾರೋ ಬೇಡವೆಂದು ಕೊಟ್ಟವು. ಅವುಗಳೊಳಗೆ ಹಾಕಿದ್ದು ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಬರೆಯತೊಡಗಿದ ಲಿನಕ್ಸಿನ ವಂಶಕ್ಕೆ ಸೇರಿದ್ದು, ಅದಕ್ಕೂ ಬೆಲೆಯಿಲ್ಲ. ಅದರ ಪರದೆಯ ಮೇಲಿನ ಮಾತುಗಳನ್ನು ಸಂಬಳವಿಲ್ಲದೆ ಕನ್ನಡಕ್ಕೆ ತಂದ ಪುಣ್ಯಾತ್ಮರು ಅನೇಕರಿದ್ದಾರೆ. ಕಾರ್ಯಾಚರಣ ವ್ಯವಸ್ಥೆ ಎಂದರೆ ಏನೆಂದು ಕೇಳುವವರಿಗೆ ನಾನು ಈಗ ಕೊಡುವ ಉತ್ತರವಿಷ್ಟೆ: ದೊಡ್ಡ ಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ, ಯಾರ ಊಟವಾಯಿತು, ಯಾವ ಕೋಣೆಯ ಬೀಗದ ಕೈ ಯಾರ ಹತ್ತಿರವಿದೆ ಎಂಬುದನ್ನೆಲ್ಲ ಬಲ್ಲ ಹಿರಿಯ ಗೃಹಿಣಿಯೊಬ್ಬಳು ಇರುತ್ತಾಳಲ್ಲ, ಯಂತ್ರದೊಳಗೆ ಆಕೆಯ ಸ್ಥಾನ ಅದರದು. ಮೊದಲು ನಾನು ಕೊಟ್ಟ ಉತ್ತರ ಎರಡೂವರೆ ಪುಟಗಳಷ್ಟಿತ್ತು.

ಏಕೆಂದರೆ ಈ ಕೋಣೆಗಳಿಗೆ ಬರುವವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಕೈಪಿಡಿಯನ್ನು ಅಣಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಲ್ಲವರು ಬರೆದುಕೊಟ್ಟ ಟಿಪ್ಪಣಿಗಳು ಸಾಕಷ್ಟಿದ್ದವು. ಅವುಗಳನ್ನು ಅನುಕ್ರಮವಾಗಿ ಜೋಡಿಸಿ ಭಾಷೆಯನ್ನು ತಿದ್ದುವುದಷ್ಟೇ ನನ್ನ ಕೆಲಸ. ನಾನು ಶಾಲೆಯ ಮೇಷ್ಟರ ಶಿಸ್ತಿನಿಂದ ಜೋಡಿಸಿದೆ. ಮೊದಲನೆಯ ಅಧ್ಯಾಯ ಗಣಕದ ಇತಿಹಾಸ. ಅದರಲ್ಲಿ ಚಾರ್ಲ್ಸ್ ಬ್ಯಾಬೇಜ್ ಮಹಾಶಯನಿಗೆ ಒಂದಿಡೀ ಪುಟ. ಎರಡನೆಯದು ಯಂತ್ರದ ಅಂಗಗಳು. ಮೂರನೆಯದು ಕಾರ್ಯಾಚರಣ ವ್ಯವಸ್ಥೆಯ ಲಕ್ಷಣ ಮತ್ತು ಪ್ರಭೇದಗಳು. ಹೀಗೆ ಸಾಗಿ, ಗಣಕವನ್ನು ಮುಚ್ಚುವ ಕ್ರಮವು ಕಟ್ಟಕಡೆಗೆ, 58ನೆಯ ಪುಟದಲ್ಲಿ ಬಂದಿತು. ಮುಚ್ಚುವುದು ಕಡೆಯಲ್ಲಿ ಮಾಡುವ ಕೆಲಸವಲ್ಲವೆ? ಆದುದರಿಂದ ಅದು ಕಡೆಯಲ್ಲಿ. ಇದಕ್ಕಿಂತ ತರ್ಕಬದ್ಧವಾದ ವ್ಯವಸ್ಥೆ ಬೇರೆ ಇರಲಾರದೆಂದು ನಾನು ಹಿಗ್ಗಿದ್ದೆ.

ದೇವದುರ್ಗದ ಕೋಣೆಗೆ ಬರುತ್ತಿದ್ದವರಲ್ಲಿ ಹತ್ತಿರದ ಹಳ್ಳಿಯ ಒಬ್ಬ ಹೆಣ್ಣುಮಗಳಿದ್ದಳು. ಏಳನೆಯ ಇಯತ್ತೆಯವರೆಗೆ ಓದಿದವಳು. ಮಹಿಳಾ ಸಂಘವೊಂದರ ಲೆಕ್ಕ ಬರೆಯುವವಳು. 2011ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣ ಶೇಕಡಾ 60ನ್ನೂ ಮುಟ್ಟದೆ ಹೋದ ಜಿಲ್ಲೆ ನಮ್ಮದು. ಅಂಥಲ್ಲಿ ಒಂದು ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳೆಂದರೆ ಸಾಮಾನ್ಯಳಲ್ಲ. ಆಕೆ ಮಧ್ಯಾಹ್ನವೆಲ್ಲ ಕುಳಿತು, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿ, ಸಂಘದ ಆರು ತಿಂಗಳ ಉಳಿತಾಯ ಮತ್ತು ಸಾಲದ ಲೆಕ್ಕವನ್ನು ಏರಿಸಿದಳು. ಊರಿನ ಕಡೆಯ ಬಸ್ಸಿನ ಹೊತ್ತಾಯಿತು. ಮುಚ್ಚುವುದು ಹೇಗೆಂದು ತಿಳಿಯದು; ಪುಸ್ತಕದಲ್ಲಿ ಆಕೆ ಇನ್ನೂ 14ನೆಯ ಪುಟದಲ್ಲಿದ್ದಳು. ಮನೆಯಲ್ಲಿ ಮಿಕ್ಸರನ್ನು ನಿಲ್ಲಿಸುವಂತೆ ಗೋಡೆಯ ಗುಂಡಿಯನ್ನು ಆರಿಸಿ ಹೊರಟುಹೋದಳು.

ಮರುದಿನ ಯಂತ್ರ ಚಾಲೂ ಆದಾಗ, ಅರ್ಧಕ್ಕೆ ನಿಂತ ಬರಹವನ್ನು ಮರಳಿ ಕೊಡಲೇ ಬೇಡವೇ ಎಂದು ಕೇಳುವ ಒಂದು ಚೌಕ ಪರದೆಯ ಮೇಲೆ ಮೂಡಿತು. ಯಂತ್ರ ಆಕೆಗಿಂತ ಜಾಣತನದಿಂದ, ನನಗಿಂತ ದಯೆಯಿಂದ ನಡೆದುಕೊಂಡಿತ್ತು. ಬರಹದ ಬಹುಭಾಗವನ್ನು ತಾನಾಗಿ ಕಾದಿರಿಸಿತ್ತು. ಎರಡು ಗುಂಡಿಗಳು. ನನ್ನ ಕೈಪಿಡಿಯಲ್ಲಿ ಈ ಚೌಕದ ಸುದ್ದಿಯೇ ಇಲ್ಲ. ಏನೋ ಅಪರಾಧವಾಗಿ ಯಂತ್ರ ವಿಚಾರಣೆ ಮಾಡುತ್ತಿದೆಯೆಂದು ಆಕೆ ಗಾಬರಿಗೊಂಡು, ಅದು ಬೇಗ ಕಣ್ಮರೆಯಾಗಲೆಂದು, ಬೇಡವೆಂಬ ಗುಂಡಿಯನ್ನು ಒತ್ತಿದಳು. ಲೆಕ್ಕ ಹೋಯಿತು.

ನಾನು ರಾಯಚೂರಿನಿಂದ ಹೋದಾಗ ಆಕೆ ಬಾಗಿಲಲ್ಲಿಯೇ ನಿಂತಿದ್ದಳು. "ತಪ್ಪು ನಂದೇ ಅದ ಸರ. ನಮ್ಮಂಥೋರ ತಲಿಗಿ ಇದು ಹತ್ತೂದಿಲ್ರಿ" ಎಂದಳು.

ನನ್ನ ತಪ್ಪಿಗೆ ಆಕೆ ಕ್ಷಮೆ ಕೇಳಿದಳು. ಹೋದ ಲೆಕ್ಕವನ್ನು ನೋಟ್‌ಬುಕ್ಕಿನಿಂದ ಮತ್ತೆ ಏರಿಸಬಹುದು. ಎರಡು ಮಧ್ಯಾಹ್ನಗಳ ನಷ್ಟ. ಆದರೆ "ನಮ್ಮಂಥೋರ ತಲಿಗಿ" ಎಂಬ ಆ ಮಾತು? ಅದು ನನ್ನ ಪುಸ್ತಕ ಆಕೆಗೆ ಕಲಿಸಿದ ಮೊದಲ ಪಾಠ. 14 ಪುಟಗಳಲ್ಲಿ ಬೇರೇನನ್ನೂ ಅದು ಕಲಿಸಿರಲಿಲ್ಲ. ಸಂಜೆ ರಾಯಚೂರಿಗೆ ಮರಳುವ ಬಸ್ಸಿನಲ್ಲಿ ನನಗೆ ನೆನಪಾದದ್ದು ಕೋಟೆಯ ಕಲ್ಲು. ನಾನು ಬರೆದದ್ದು ಶಾಸನ. ಆಕೆಗೆ ಬೇಕಾಗಿದ್ದದ್ದು ಚಿತ್ರ.

ಬಲ್ಲವನಿಗೂ ಕಲಿಯುವವನಿಗೂ ವಸ್ತುವಿನ ಅನುಕ್ರಮ ಒಂದೇ ಅಲ್ಲ. ಇದಕ್ಕೆ ನಿದರ್ಶನವನ್ನು ನಾವು ದೂರ ಹುಡುಕಬೇಕಾಗಿಲ್ಲ. ನಮ್ಮ ವರ್ಣಮಾಲೆಯಷ್ಟು ಶಾಸ್ತ್ರೀಯವಾದ ಅನುಕ್ರಮ ಜಗತ್ತಿನಲ್ಲಿ ವಿರಳ. ಸ್ವರಗಳು ಮೊದಲು, ಆಮೇಲೆ ಕಂಠದಿಂದ ತುಟಿಯವರೆಗೆ ಧ್ವನಿ ಹುಟ್ಟುವ ಸ್ಥಾನಗಳನ್ನು ಅನುಸರಿಸಿ ವರ್ಗೀಯ ವ್ಯಂಜನಗಳು. ಆದರೂ ನಮ್ಮ ಸರಕಾರಿ ಶಾಲೆಗಳ ಒಂದನೆಯ ತರಗತಿಯ ಮಗು ಈಗ ಕಲಿಯುವುದು ಆ ಅನುಕ್ರಮದಲ್ಲಲ್ಲ. ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಈ ಪದ್ಧತಿ ಬಂದಾಗ ಅದನ್ನು ಹಳಿದವರಲ್ಲಿ ನಾನೂ ಒಬ್ಬ. ಪಾಣಿನಿಯನ್ನೂ ಕೇಶಿರಾಜನನ್ನೂ ಸಾಕ್ಷಿಗೆ ಕರೆದು ಉಪಾಧ್ಯಾಯರ ಸಭೆಯಲ್ಲಿ ಭಾಷಣ ಮಾಡಿದ್ದೆ. ಆದರೆ ರಗಸದಅ ಕಲಿತ ಮಗು ಮೊದಲ ವಾರದಲ್ಲಿಯೇ ಸರ, ಗರಗಸ, ದಸರ ಎಂದು ಬರೆಯುತ್ತದೆ. ಸುಲಭವಾಗಿ ತಿದ್ದಬಹುದಾದ ದುಂಡು ಅಕ್ಷರಗಳವು. ಅಆಇಈ ಕಲಿತ ಮಗು ಋಕಾರವನ್ನು ತಿದ್ದುತ್ತಾ ಕುಳಿತಿರುತ್ತದೆ. ಬರೆಯಲು ಅದಕ್ಕೆ ಒಂದು ಮಾತೂ ಇಲ್ಲ. ವರ್ಣಮಾಲೆ ಸುಳ್ಳಾಗಲಿಲ್ಲ, ಅದು ಸ್ವಲ್ಪ ತಡವಾಗಿ ಬಂದಿತು, ಅಷ್ಟೆ.

ಗಣಕದ ಜಗತ್ತಿನಲ್ಲಿಯೂ ಈ ಜಗಳ ಹಳೆಯದು. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿ, ಅದಕ್ಕೆ 1971ರ ನವೆಂಬರ್ 3ರ ದಿನಾಂಕವಿರುವ ಮೊದಲ ಕೈಪಿಡಿಯನ್ನು ಬರೆದರು. ಅದು ನಿಘಂಟಿನ ಮಾದರಿ: ಆಜ್ಞೆಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದ್ದಾರೆ. ಯಾವುದು ಬೇಕೆಂದು ಬಲ್ಲವನಿಗೆ ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಯಾವುದು ಬೇಕೆಂದೇ ತಿಳಿಯದವನಿಗೆ ಅದು ಬೀಗ ಹಾಕಿದ ಬಾಗಿಲು. ಕಿಟ್ಟೆಲರ ನಿಘಂಟನ್ನು ಕೈಗೆ ಕೊಟ್ಟು ಕನ್ನಡ ಕಲಿ ಎಂದು ಯಾರಿಗಾದರೂ ಹೇಳುವುದುಂಟೆ? ಕೆಲವೇ ವರ್ಷಗಳಲ್ಲಿ ಅದೇ ಪ್ರಯೋಗಾಲಯದ ಬ್ರಯನ್ ಕರ್ನಿಹನ್, ಹೊಸಬರಿಗಾಗಿಯೇ ಯುನಿಕ್ಸಿನ ಬೇರೊಂದು ಕಿರುಹೊತ್ತಗೆಯನ್ನು ಬರೆಯಬೇಕಾಯಿತು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದೆಂದು ಅಲ್ಲಿನವರು ಬೇಗ ಅರಿತರು. ನಾನು ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದಿದ್ದೆ.

ಆದರೂ ಆ ಹಳೆಯ ಯುನಿಕ್ಸ್ ಕೈಪಿಡಿಯಲ್ಲಿ ನನಗೆ ಅಚ್ಚರಿ ತಂದ ಒಂದು ಅಂಶವುಂಟು. ಪ್ರತಿಯೊಂದು ಆಜ್ಞೆಯ ವಿವರಣೆಯ ಕೊನೆಗೂ "ದೋಷಗಳು" ಎಂಬ ಒಂದು ತಲೆಬರಹಕ್ಕೆ ಎಡೆ ಇಟ್ಟಿದ್ದಾರೆ. ಈ ಆಜ್ಞೆ ಇಂಥಲ್ಲಿ ತಪ್ಪುತ್ತದೆ, ಇದನ್ನು ನಾವು ಇನ್ನೂ ಸರಿಪಡಿಸಿಲ್ಲ ಎಂದು ಬರೆದವರೇ ಅಲ್ಲಿ ಒಪ್ಪಿಕೊಳ್ಳುತ್ತಾರೆ. ನಾನು ಕಂಡ ಪಠ್ಯಪುಸ್ತಕಗಳಲ್ಲಿ ಗ್ರಂಥಕರ್ತ ತನ್ನ ತಪ್ಪನ್ನು ಒಪ್ಪಿಕೊಂಡದ್ದು ಒಪ್ಪೋಲೆಯಲ್ಲಿ ಮಾತ್ರ, ಅದೂ ಅಚ್ಚಿನ ಮೊಳೆಗಳ ಮೇಲೆ ಭಾರ ಹಾಕಿ. ದೋಷವು ಯಂತ್ರದಲ್ಲಿಯೂ ಇರಬಹುದು ಎಂಬ ಒಂದು ವಾಕ್ಯವನ್ನು ದೇವದುರ್ಗದ ಆ ತಂಗಿ ಮೊದಲ ದಿನ ಓದಿದ್ದರೆ, ಪರದೆಯ ಮೇಲಿನ ಚೌಕವನ್ನು ಕಂಡು ಆರೋಪಿಯಂತೆ ನಡುಗುತ್ತಿದ್ದಳೆ?

ಇನ್ನು ಭಾಷೆಯ ಮಾತು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು. ನಮ್ಮ ಮನೆಗಳಿಗೆ ಇರುವುದು ಕಿಟಕಿಯಲ್ಲ, ಕಿಡಕಿ, ಕಾಯಿಲೆಯಾದರೆ ಹೋಗುವುದು ದವಾಖಾನೆಗೆ, ಕಾಗದಪತ್ರಗಳಿರುವುದು ದಫ್ತರದಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾದಾಗ, ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಾದ ಉರ್ದುವಿನಲ್ಲಿ ಎಲ್ಲ ಶಾಸ್ತ್ರಗಳನ್ನೂ ಕಲಿಸುವುದಾಗಿ ಹೊರಟು, ಭಾಷಾಂತರ ಇಲಾಖೆಯೊಂದು ಸಾವಿರಾರು ಪಾರಿಭಾಷಿಕ ಶಬ್ದಗಳನ್ನು ಟಂಕಿಸಿತು. ಸಾಹಸ ದೊಡ್ಡದು, ಉದ್ದೇಶವೂ ಉದಾತ್ತವಾದದ್ದೇ. ಆದರೆ ಮನೆಯಲ್ಲಿ ಕನ್ನಡವಾಡುವ ರಾಯಚೂರಿನ ಹುಡುಗನಿಗೆ ಅರಬ್ಬಿ ಪಾರಸಿಗಳಿಂದ ಕಡೆದ ಆ ಶಬ್ದಗಳು ಇಂಗ್ಲಿಷಿನಷ್ಟೇ ದೂರದವಾಗಿದ್ದವು. ಈಗ ಕನ್ನಡದ ಹೆಸರಿನಲ್ಲಿ ನಾವೂ ಅದನ್ನೇ ಮಾಡಬಹುದಲ್ಲವೆ?

ಪರದೆಯ ಮೇಲೆ ಫೈಲ್ ಎಂಬುದಕ್ಕೆ "ಕಡತ" ಎಂದಿದೆ. ಈ ಶಬ್ದವನ್ನು ಆರಿಸಿದವರ ರಸಿಕತೆಗೆ ನಾನು ತಲೆದೂಗುತ್ತೇನೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಕಾಲದ ಪುಸ್ತಕವೇ ಕಡತ. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಿತ್ತು. ಗಣಕದ ಫೈಲಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಬೇರೊಂದಿಲ್ಲ. ನಾನು ಇದನ್ನೆಲ್ಲ ದೇವದುರ್ಗದ ಕೋಣೆಯಲ್ಲಿ ಸವಿಸ್ತಾರವಾಗಿ ಬಣ್ಣಿಸಿದೆ. ನಮ್ಮ ತಂಗಿ ಗಂಭೀರವಾಗಿ ಕೇಳಿ, "ಕಡತ ಅಂದ್ರ ಕಡದ ಲೆಕ್ಕಾ ಏನ್ರಿ ಸರ?" ಎಂದಳು. ನಮ್ಮ ಕಡೆ ಕಡ ಎಂದರೆ ಸಾಲ. ಸಂಘದ ಲೆಕ್ಕ ಬರೆಯುವವಳಿಗೆ ಬೇರೆ ಯಾವ ಅರ್ಥ ಹೊಳೆದೀತು?

ಆ ಮೇಲೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಬಸ್ಸಿನ ಹಲಗೆಯ ಮೇಲೆ ಏನು ಬರೆದಿದೆಯೋ ಅದನ್ನೇ ಓದಿ ಹತ್ತಬೇಕು; ಪುಸ್ತಕದಲ್ಲಿ ಬೇರೆ ಹೆಸರು ಕೊಟ್ಟರೆ ಬಸ್ಸು ತಪ್ಪುತ್ತದೆ. ಆದುದರಿಂದ ಪರದೆಯ ಮೇಲಿನ ಶಬ್ದ ಪರದೆಯ ಮೇಲಿದ್ದಂತೆಯೇ ಪುಸ್ತಕದಲ್ಲಿಯೂ ಇರಲಿ. ಅದರ ಪಕ್ಕದಲ್ಲಿ, ಇದನ್ನು ನಾವು ಫೈಲು ಅನ್ನುತ್ತೇವೆ ಎಂದು ಒಂದು ಸಾಲು ಬರಲಿ. ಶುದ್ಧ ಕನ್ನಡದ ಅಭಿಮಾನಿಗಳು ಇದನ್ನು ಒಪ್ಪಲಾರರು. ಅವರು ಒಂದು ಮಧ್ಯಾಹ್ನ ಆ ಕೋಣೆಗೆ ಬಂದು ಕೂತುಕೊಂಡರೆ ಚಹಾ ನಾನು ಕೊಡಿಸುತ್ತೇನೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಸತ್ಯದ ಪ್ರಶ್ನೆ. ಹೊಸಬನಿಗೆ ಎಲ್ಲವನ್ನೂ ಮೊದಲೇ ಹೇಳುವಂತಿಲ್ಲ; ಅಂದಮೇಲೆ ಕೆಲವನ್ನು ಮುಚ್ಚಿಡಬೇಕು. ಮುಚ್ಚಿಡುವುದು ಎಲ್ಲಿಯವರೆಗೆ ದಯೆ, ಎಲ್ಲಿಂದ ಮುಂದೆ ವಂಚನೆ? ಒಂದು ಉದಾಹರಣೆ ನೋಡೋಣ. ನನ್ನ ಮೊದಲ ಕೈಪಿಡಿಯಲ್ಲಿ "ಅಳಿಸು ಎಂಬುದನ್ನು ಒತ್ತಿದರೆ ಕಡತವು ನಾಶವಾಗುತ್ತದೆ" ಎಂದಿತ್ತು. ಚಿಕ್ಕ ವಾಕ್ಯ, ತಿಳಿಯಾದ ವಾಕ್ಯ, ಸುಳ್ಳು ವಾಕ್ಯ. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿಯನ್ನು ಬರಿದು ಮಾಡಿದರೂ, ಅನೇಕ ವೇಳೆ ಯಂತ್ರವು ಆ ಜಾಗ ಇನ್ನು ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆಯೇ ಹೊರತು ಬರಹವನ್ನು ಆ ಕ್ಷಣವೇ ಒರಸಿಹಾಕುವುದಿಲ್ಲ. ಬಲ್ಲವನು ಅದನ್ನು ಮತ್ತೆ ತೆಗೆಯಬಹುದು. ಮಾನ್ವಿಯ ಕೋಣೆಗೆ ಬರುತ್ತಿದ್ದ ಕಿರಾಣಿ ಅಂಗಡಿಯವರೊಬ್ಬರು ತಮ್ಮ ಹಳೆಯ ಯಂತ್ರವನ್ನು ಮಾರಹೊರಟಾಗ, "ಲೆಕ್ಕಾ ಎಲ್ಲಾ ಅಳಿಸೀನ್ರಿ, ಪುಸ್ತಕದಾಗ ಹೇಳ್ದಂಗ" ಎಂದು ನಿಶ್ಚಿಂತೆಯಿಂದ ಹೇಳಿದರು. ಹತ್ತು ಹಳ್ಳಿಗಳ ಉದ್ದರಿಯ ಲೆಕ್ಕ ಅದರಲ್ಲಿತ್ತು. ನನ್ನ ಎದೆ ಧಸಕ್ಕೆಂದಿತು.

ಹಾಗೆಂದು ಇಷ್ಟನ್ನೂ ಮೊದಲ ದಿನವೇ ಹೇಳಿದರೆ ಕೇಳುವವನು ಓಡಿಹೋಗುತ್ತಾನೆ. ಈ ಇಕ್ಕಟ್ಟನ್ನು ನಾನು ಬಹಳ ದಿನ ಯೋಚಿಸಿದೆ. ಕಡೆಗೆ ನನಗೆ ತೋರಿದ್ದು ಇದು: ಮೊದಲ ದಿನದ ಮಾತು ಪೂರ್ಣಸತ್ಯಕ್ಕಿಂತ ಚಿಕ್ಕದಿರಬಹುದು, ಆದರೆ ಮುಂದೊಂದು ದಿನ ಹಿಂತೆಗೆದುಕೊಳ್ಳಬೇಕಾದ ಮಾತಾಗಿರಬಾರದು. "ಅಳಿಸಿದ್ದು ಕಣ್ಣಿಗೆ ಕಾಣದಂತಾಗುತ್ತದೆ" ಎಂದರೂ ವಾಕ್ಯ ಅಷ್ಟೇ ಚಿಕ್ಕದು. ಮುಂದೆ ಅದಕ್ಕೆ ಸೇರಿಸಬಹುದು, ಅದರಿಂದ ಕಳೆಯಬೇಕಾಗಿಲ್ಲ. ಸಸಿಯೂ ಸಣ್ಣದು, ಮಣ್ಣಿನ ಹಣ್ಣೂ ಸಣ್ಣದು. ಒಂದು ಬೆಳೆಯುತ್ತದೆ, ಇನ್ನೊಂದನ್ನು ಎಸೆಯಬೇಕಾಗುತ್ತದೆ. ಮಕ್ಕಳಿಗೆ ನಾನು ಪಾಠ ಹೇಳಿದ ವರ್ಷಗಳಲ್ಲಿ ಮಣ್ಣಿನ ಹಣ್ಣುಗಳನ್ನು ಎಷ್ಟು ಹಂಚಿದ್ದೇನೆಯೋ, ಆ ಲೆಕ್ಕ ಯಾವ ಕಡತದಲ್ಲಿಯೂ ಇಲ್ಲ.

ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರರಾಗಿ ನಿವೃತ್ತರಾದ ನನ್ನ ಮಿತ್ರರೊಬ್ಬರಿದ್ದಾರೆ. ಅವರದು ಬೇರೆ ವಾದ. "ನಿಮಗೆ ವಿವರಣೆಯ ಚಪಲ. ನಮ್ಮಲ್ಲಿ ಹೊಸಬ ಬಂದರೆ ಮೊದಲು ಕಲಿಸುವುದು ನಿಲ್ಲಿಸುವುದನ್ನು. ಯಂತ್ರ ಓಡುವುದು ಹೇಗೆ ಎಂಬುದು ಆಮೇಲೆ. ಏಕೆ ಎಂಬ ಪ್ರಶ್ನೆ ಕೈಬೆರಳುಗಳು ಸುರಕ್ಷಿತವಾದ ಮೇಲೆ" ಎಂದರು. ಬಾವಿಯಲ್ಲಿ ಈಜು ಕಲಿಸುವವರೂ ಬೆನ್ನಿಗೆ ಬೆಂಡು ಕಟ್ಟಿ, ಮೊದಲು ಮೆಟ್ಟಿಲು ಎಲ್ಲಿದೆ ಎಂದು ತೋರಿಸುತ್ತಾರೆ. 58ನೆಯ ಪುಟ ಒಂದನೆಯ ಪುಟವಾದದ್ದು ಈ ಮಿತ್ರರ ಮಾತಿನಿಂದ. ಅದರ ಪಕ್ಕದಲ್ಲಿ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ಬಂದಿತು. ಅದರ ಬೆನ್ನಿಗೆ, ತನ್ನ ಹೆಸರನ್ನು ತಾನು ಬರೆದು ಉಳಿಸುವುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಎಂಬ ಗುಂಡಿಯನ್ನು ನಡುವೆ ಒತ್ತಬೇಕು. ಈ ಸೂತ್ರವನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಆದರೆ ನಮ್ಮ ತಂಗಿಯ ಹೆಸರಿನಲ್ಲಿಯೇ ಒಂದು ಒತ್ತಕ್ಷರವಿತ್ತು. ಮನುಷ್ಯರ ಹೆಸರುಗಳು ಪಾಠಕ್ರಮವನ್ನು ಕೇಳಿ ಇಟ್ಟವಲ್ಲವಲ್ಲ!

ಆದರೆ ಮಿತ್ರರ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ. ಹಳೆಯ ಕೈಪಿಡಿಯಲ್ಲಿ ಕಪ್ಪು ಪರದೆಯ ಮೇಲೆ ಬೆರಳಚ್ಚು ಮಾಡಬೇಕಾದ ಕೆಲವು ಆಜ್ಞೆಗಳಿದ್ದವು. "ಇದನ್ನು ಇದ್ದಂತೆಯೇ ಒತ್ತಿರಿ" ಎಂದಷ್ಟೇ ಅಲ್ಲಿ ಬರೆದಿತ್ತು. ಸುಡೊ ಎಂಬ ಶಬ್ದದಿಂದ ಆರಂಭವಾಗುವ ಆಜ್ಞೆ ಯಂತ್ರದ ಸಮಸ್ತ ಅಧಿಕಾರವನ್ನೂ ಕೈಗೆ ಕೊಡುತ್ತದೆ. ಒಂದು ತಪ್ಪು ಸಾಲಿನಿಂದ ಇದ್ದದ್ದೆಲ್ಲ ಹೋಗಬಹುದು. ಈಗ ಊರೂರಲ್ಲಿ ಫೋನಿನ ಕಳ್ಳರಿದ್ದಾರೆ. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆಂದು ಹೇಳಿ, ಈ ಗುಂಡಿ ಒತ್ತಿರಿ, ಆ ಅಂಕಿ ಹೇಳಿರಿ ಎಂದು ಬಡವರ ಉಳಿತಾಯವನ್ನು ಬಾಚಿಕೊಳ್ಳುತ್ತಾರೆ. ಅವರ ವಾಕ್ಯಗಳನ್ನೂ ನನ್ನ ಕೈಪಿಡಿಯ ವಾಕ್ಯಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ವಿಧ್ಯರ್ಥದ ಕ್ರಿಯಾಪದಗಳು, ಎರಡರಲ್ಲಿಯೂ ಕಾರಣವಿಲ್ಲ. ಹೇಳಿದಂತೆ ಒತ್ತುವ ಅಭ್ಯಾಸವನ್ನು ನಾನು ಕಲಿಸಿ ಕಳುಹಿಸಿದರೆ, ಮುಂದಿನ ಕೆಲಸ ಕಳ್ಳನಿಗೆ ಸುಲಭ. ನನ್ನ ಉದ್ದೇಶ ಒಳ್ಳೆಯದು ಎಂಬುದು ಓದುವವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ವಾಕ್ಯ ಮಾತ್ರ. ಹೊಸ ಕೈಪಿಡಿಯಲ್ಲಿ ಪ್ರತಿಯೊಂದು "ಒತ್ತಿರಿ" ಎಂಬುದರ ಮೊದಲು, ಒತ್ತಿದರೆ ಏನು ಕಾಣುತ್ತದೆ, ಬೇಡವೆನಿಸಿದರೆ ಹಿಂದಕ್ಕೆ ಬರುವುದು ಹೇಗೆ ಎಂದು ಬರೆದೆ. ಕಳ್ಳನು ಇದನ್ನು ಎಂದೂ ಹೇಳುವುದಿಲ್ಲ. ಪುಸ್ತಕ 20 ಪುಟ ಬೆಳೆಯಿತು. ಮಿತ್ರರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಈ ತಿದ್ದುಪಡಿಯ ಕಾಲದಲ್ಲಿ ಮಾನ್ವಿಗೆ ಹೋದಾಗಲೆಲ್ಲ ನನಗೆ ಜಗನ್ನಾಥದಾಸರು ನೆನಪಾಗುತ್ತಿದ್ದರು. ಮಾನ್ವಿಯ ಸಮೀಪದ ಬ್ಯಾಗವಟ್ಟಿಯಲ್ಲಿ ಹುಟ್ಟಿದ ಅವರು ಸಂಸ್ಕೃತದ ಘನ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದ ವಿಜಯದಾಸರನ್ನು ಅವರು ಲಘುವಾಗಿ ಕಂಡರೆಂದೂ, ಊಟಕ್ಕೆ ಕರೆದರೆ ಹೊಟ್ಟೆನೋವೆಂದು ನೆಪ ಹೇಳಿದರೆಂದೂ, ಆ ನೆಪವೇ ನಿಜವಾಗಿ ಹೊಟ್ಟೆನೋವು ಹತ್ತಿತೆಂದೂ ಐತಿಹ್ಯ. ಆ ಪಂಡಿತರೇ ಮುಂದೆ, ಸಂಸ್ಕೃತ ತಿಳಿಯದವರಿಗೂ ಮಧ್ವಸಿದ್ಧಾಂತ ದಕ್ಕುವಂತೆ ಕನ್ನಡ ಭಾಮಿನಿಯಲ್ಲಿ ಹರಿಕಥಾಮೃತಸಾರವನ್ನು ಬರೆದರು. ಅದರ ಸಂಧಿಗಳ ಅನುಕ್ರಮವನ್ನು ಗಮನಿಸಿರಿ. ಮಂಗಳಾಚರಣೆಯಾದ ಕೂಡಲೆ ಬರುವುದು ಕರುಣಾಸಂಧಿ. ನಾಲ್ಕನೆಯದು ಭೋಜನಸಂಧಿ: ದಿನವೂ ಎಲೆಯ ಮುಂದೆ ಕೂರುವವನು ಅಲ್ಲಿಂದಲೇ ಒಳಗೆ ಬರಬಹುದು. ದೇವತೆಗಳ ತಾರತಮ್ಯದಂಥ ಬಿಗಿಯಾದ ವಿಷಯಗಳು ಎಷ್ಟೋ ಮುಂದೆ. ಅಷ್ಟಾಗಿಯೂ ಅದು ಸುಲಭಗ್ರಂಥವಲ್ಲ. ವ್ಯಾಖ್ಯಾನಗಳಿಲ್ಲದೆ ಅರ್ಥವಾಗದ ಪದ್ಯಗಳು ಅದರಲ್ಲಿ ಎಷ್ಟೋ ಇವೆ. ದಾಸರು ವಸ್ತುವನ್ನು ಕಿರಿದು ಮಾಡಲಿಲ್ಲ, ಬಾಗಿಲನ್ನು ಬೇರೆ ಕಡೆ ಇಟ್ಟರು. ಅವರ ದರ್ಶನವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅನುಕ್ರಮದ ವಿಚಾರದಲ್ಲಿ ನಾನು ಅವರ ಶಿಷ್ಯ.

ಹೊಸ ಕರಡು ಸಿದ್ಧವಾದ ಮೇಲೆ ಅದನ್ನು ದೇವದುರ್ಗಕ್ಕೆ ಒಯ್ದು, "ತಂಗಿ, ಇದನ್ನ ಓದಿಕೋತ ಕೆಲಸ ಮಾಡವ್ವ. ನಾನು ಬಾಯಿ ತೆರೆಯೂದಿಲ್ಲ" ಎಂದು ಹೇಳಿ ಆಕೆಯ ಪಕ್ಕದಲ್ಲಿ ಕುಳಿತೆ. ಎರಡು ತಾಸು. ಉಪಾಧ್ಯಾಯನಾದವನಿಗೆ ಇದಕ್ಕಿಂತ ಕಠಿಣವಾದ ತಪಸ್ಸು ಇಲ್ಲ. ಆಕೆಯ ಬೆರಳು ತಪ್ಪು ಗುಂಡಿಯ ಮೇಲೆ ಸುಳಿದಾಗಲೆಲ್ಲ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡೆ. ಆಕೆ ಎಲ್ಲಿ ತಡೆದಳೋ ಅಲ್ಲಿ ಪುಸ್ತಕದಲ್ಲಿ ಗುರುತು ಹಾಕಿದೆ. ಇಪ್ಪತ್ತಮೂರು ಗುರುತುಗಳಾದವು.

ಕಡೆಯಲ್ಲಿ, ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು: "ಸಿಟ್ಟಾಗಬ್ಯಾಡ್ರಿ ಸರ. ಬುಕ್ಕಿನ್ಯಾಗ ಹೆಜ್ಜಿಗೊಮ್ಮೆ 'ಇದು ಬಹಳ ಸುಲಭ' ಅಂತ ಬರದೀರಿ. ಸುಲಭ ಇದ್ದದ್ದು ನನಗ ಬರಲಿಲ್ಲಂದ್ರ ನಾ ದಡ್ಡಿ ಅಂದಂಗಾತಲ್ರಿ? ಕಷ್ಟ ಅದ ಅಂತ ಬರದ್ರ, ಬರಲಿಲ್ಲಂದ್ರೂ ನಡೀತದ. ಬಂದ್ರ ಖುಷಿ ಆಗ್ತದ."

ಧೈರ್ಯ ತುಂಬಲೆಂದು ನಾನು ಆ ಮಾತನ್ನು ಬರೆದಿದ್ದೆ. ಮರಳಿ ಬರುವಾಗ ಬಸ್ಸಿನಲ್ಲಿ ಕುಳಿತು ಎಣಿಸಿದೆ: ಸುಲಭ ಎಂಬುದು 17 ಕಡೆ, "ಅಷ್ಟೆ" ಎಂಬುದು 11 ಕಡೆ, "ಎಲ್ಲರಿಗೂ ತಿಳಿದಂತೆ" 4 ಕಡೆ. ಬಸ್ಸಿನ ಕುಲುಕಾಟದಲ್ಲಿ ಗೀಟುಗಳು ನೆಟ್ಟಗಾಗಲಿಲ್ಲ. ರಾಯಚೂರು ಬರುವಷ್ಟರಲ್ಲಿ ಎಲ್ಲವನ್ನೂ ಹೊಡೆದುಹಾಕಿದ್ದೆ.

ಈಗ ಎರಡು ಕೋಣೆಗಳಲ್ಲಿಯೂ ಆ ಹೊಸ ಪುಸ್ತಕದ ಪ್ರತಿಗಳಿವೆ. ಪ್ರತಿ ಪಾಠದ ಕೊನೆಗೆ "ಈ ಪುಸ್ತಕದ ತಪ್ಪುಗಳು" ಎಂದು ತಲೆಬರಹ ಕೊಟ್ಟು ನಾಲ್ಕು ಖಾಲಿ ಗೆರೆಗಳನ್ನು ಬಿಟ್ಟಿದ್ದೇವೆ. ಮಾನ್ವಿಯ ಪ್ರತಿಯೊಂದರಲ್ಲಿ ಗೆರೆಗಳು ಸಾಲದೆ ಅಂಚಿನಲ್ಲಿಯೂ ಬರೆದಿದ್ದಾರೆ. ಬ್ಯಾಬೇಜ್ ಮಹಾಶಯನನ್ನು ಕೈಬಿಡಲು ಮನಸ್ಸಾಗಲಿಲ್ಲ. ಅವನು 79ನೆಯ ಪುಟದಲ್ಲಿ ಕಾದಿದ್ದಾನೆ. ಹೋದ ತಿಂಗಳು ದೇವದುರ್ಗದ ತಂಗಿ ಆ ಪುಟವನ್ನು ತಿರುವಿ, ಅವನ ಚಿತ್ರವನ್ನು ನೋಡಿ, "ಇವರು ಯಾರ್ರಿ ಸರ, ನಿಮ್ಮ ಪೈಕಿ ಏನು?" ಎಂದು ಕೇಳಿದಳು. ಉತ್ತರ ಹೇಳುವಷ್ಟರಲ್ಲಿ ಹಾರನ್ನು ಕೇಳಿಸಿತು. ಆಕೆ ಯಂತ್ರವನ್ನು ಕ್ರಮವಾಗಿ ಮುಚ್ಚಿ, ಪರದೆ ಕಪ್ಪಾಗುವವರೆಗೆ ನಿಂತು ನೋಡಿ, ಬಸ್ಸಿಗೆ ಓಡಿದಳು.